ರಕ್ತ ನಮ್ಮದೇ, ಮದ್ದೂ ನಮ್ಮದೇ. ದುಡ್ಡು ಮಾತ್ರ ಕೇಳಿ ಕೊಡಿ!

ಮೊಣಕೈ, ಮಂಡಿ, ತೊಡೆ ನೋವಿಗೆ ಹೊಸ ಸೂಜಿ * ಮೂರ್ನಾಡಿನ ಮೂರು ಜನ, ಮೂರು ಕಥೆ

(ನಮ್ಮ ವರದಿಗಾರರಿಂದ)

ಮೂರ್ನಾಡು: ಬೆಳಿಗ್ಗೆ ಏಳೂವರೆ. ಮಡಿಕೇರಿಗೆ ಹೋಗುವ ಬಸ್ಸು ಇನ್ನೂ ಬಂದಿಲ್ಲ. ಹೋಟೆಲಿನಲ್ಲಿ ಕಾಫಿ ಲೋಟ ಹಿಡಿದು ನಿಂತವರ ಬಾಯಲ್ಲಿ ಯಾವಾಗಲೂ ಎರಡೇ ಮಾತು. ಮೆಣಸಿನ ರೇಟು ಎಷ್ಟಾಯ್ತು, ಮಳೆ ಯಾವಾಗ ಬರ್ತದೆ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ.

“ನಿನ್ನ ರಕ್ತಾನೇ ತೆಗೆದು ನಿನಗೇ ಚುಚ್ತಾರಂತೆ ಮಾರಾಯ. ನೋವು ಮಂಗಮಾಯ ಅಂತೆ!”

“ಹೌದಾ? ನಮ್ಮ ರಕ್ತಕ್ಕೆ ನಮ್ಮ ಹತ್ರಾನೇ ದುಡ್ಡು ತಗೊಳ್ತಾರಾ?”

ಲೋಟ ಇಟ್ಟು ಎಲ್ಲರೂ ನಕ್ಕರು. ನಗದೆ ಕೂತವರು ಒಬ್ಬರೇ. ಇಲ್ಲಿಯೇ ದಿನಸಿ ಅಂಗಡಿ ಇಟ್ಟಿರುವವರು, ಐವತ್ತರ ಆಸುಪಾಸು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಬಲಗೈ ಮೊಣಕೈಯ ಹೊರಬದಿಯಲ್ಲಿ ಎಂಟು ತಿಂಗಳಿಂದ ನೋವು. ಷಟರ್ ಎತ್ತಲಾರರು, ಅಕ್ಕಿ ಚೀಲ ಜಗ್ಗಲಾರರು. ಕಾಫಿ ಲೋಟ ಎತ್ತಿದರೂ ಚುಳ್ಳೆನ್ನುತ್ತದೆ. ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಒಂದು ಸ್ಟೀರಾಯ್ಡ್ ಸೂಜಿಯೂ ಆಯಿತು. ಎರಡು ತಿಂಗಳು ಸ್ವರ್ಗ, ಆಮೇಲೆ ಮತ್ತೆ ಅದೇ ನರಕ. ಈಗ ಮೈಸೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಹೇಳಿದ್ದಾರಂತೆ: “ಪಿ.ಆರ್.ಪಿ. ಮಾಡಿಸಿ, ಮೂರು ಸೂಜಿ.”

ಒಂದೊಂದು ಸೂಜಿಗೂ ಸಾವಿರಗಟ್ಟಲೆ ರೂಪಾಯಿ. ಬಸ್ ಚಾರ್ಜು, ಅಂಗಡಿ ಮುಚ್ಚಿದ ದಿನಗಳ ವ್ಯಾಪಾರ ಬೇರೆ. ಅವರ ಅಟ್ಟದ ಮೇಲೆ ಎರಡು ಚೀಲ ಕರಿಮೆಣಸು ಇದೆ. ಮಗಳ ಹಾಸ್ಟೆಲ್ ಫೀಸಿಗೆಂದು ಇಟ್ಟದ್ದು.

“ನೀವು ಪೇಪರಿನವರು, ನಾಲ್ಕು ಕಡೆ ಓಡಾಡೋರು. ಹೇಳಿ, ಮೆಣಸು ಮಾರಲಾ, ಬೇಡವಾ?” ಎಂದು ಕೇಳಿದರು.

ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟವನು ನಾನು. ತಕ್ಷಣ ಹೇಳಲು ಉತ್ತರ ಇರಲಿಲ್ಲ. ತಿಳಿದವರನ್ನು ಕೇಳಿ, ದೊಡ್ಡ ದೊಡ್ಡ ಪ್ರಯೋಗಗಳ ವರದಿಯನ್ನು ಓದಿಸಿಕೊಂಡು ಬಂದೆ. ಅದರ ಫಲ ಈ ಬರಹ.

ಜೇನಿನ ಯಂತ್ರ ನೋಡಿದ್ದೀರಲ್ಲ?

ಭಾಗಮಂಡಲದ ಕಡೆ ಜೇನು ಸಾಕುವವರ ಮನೆಯಲ್ಲಿ ಒಂದು ಡ್ರಮ್ಮು ಇರುತ್ತದೆ. ಒಳಗೆ ಎರಿ ಇಟ್ಟು ಹಿಡಿ ತಿರುಗಿಸಿದರೆ ಜೇನು ಸಿಡಿದು ಗೋಡೆಗೆ ಬಡಿದು ಕೆಳಗೆ ಇಳಿಯುತ್ತದೆ. ಎರಿ ಹಾಗೆಯೇ ಉಳಿಯುತ್ತದೆ. ಪಿ.ಆರ್.ಪಿ. ಮಾಡುವ ಯಂತ್ರವೂ ಅದರ ಜಾತಿಯದೇ. ಗಾತ್ರ ಚಿಕ್ಕದು, ವೇಗ ಬಹಳ ಜಾಸ್ತಿ, ಕರೆಂಟಿನಲ್ಲಿ ತಿರುಗುತ್ತದೆ.

ನಿಮ್ಮ ತೋಳಿನಿಂದ ಸುಮಾರು 15ರಿಂದ 60 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಕೊಳವೆಗೆ ಹಾಕಿ ಗರಗರ ತಿರುಗಿಸುತ್ತಾರೆ. ಭಾರದ ಕೆಂಪು ಕಣಗಳು ತಳಕ್ಕೆ ಕೂರುತ್ತವೆ. ಮೇಲೆ ಹೊಂಬಣ್ಣದ ನೀರು ನಿಲ್ಲುತ್ತದೆ. ಅದೇ ಪ್ಲಾಸ್ಮಾ. ಎರಡರ ನಡುವೆ ಹಾಲಿನ ಕೆನೆಯಂಥ ತೆಳ್ಳನೆಯ ಪದರ. ಪ್ಲೇಟ್‌ಲೆಟ್‌ಗಳು ಹೆಚ್ಚಾಗಿ ಸಿಗುವುದು ಆ ಪದರದ ಆಸುಪಾಸಿನಲ್ಲಿ. ಆ ಭಾಗವನ್ನು ಮಾತ್ರ ಸಿರಿಂಜಿಗೆ ಎಳೆದು ನೋವಿರುವ ಜಾಗಕ್ಕೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾ ಎಂಬುದೇ ಪಿ.ಆರ್.ಪಿ. ಎನ್ನುವ ಮೂರಕ್ಷರದ ಅರ್ಥ.

ಪ್ಲೇಟ್‌ಲೆಟ್ ಎಂದರೆ ನಮ್ಮವರಿಗೆ ಹೊಸದೇನಲ್ಲ. ಮನೆಯಲ್ಲಿ ಯಾರಿಗಾದರೂ ಡೆಂಗ್ಯೂ ಬಂದರೆ “ಪ್ಲೇಟ್‌ಲೆಟ್ ಎಷ್ಟಿದೆ?” ಎಂದು ಫೋನಿನ ಮೇಲೆ ಫೋನು ಬರುತ್ತದಲ್ಲ, ಅದೇ ಇದು. ಆರೋಗ್ಯವಂತನ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಮೈಕ್ರೋಲೀಟರ್ ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು.

ಗಾಯವಾದಾಗ ಮೊದಲು ಓಡಿಬಂದು ತೂತು ಮುಚ್ಚುವುದು ಇವೇ. ಮುಚ್ಚಿ ಸುಮ್ಮನೆ ಕೂರುವುದಿಲ್ಲ. ತಮ್ಮೊಳಗಿರುವ ಕೆಲವು ರಾಸಾಯನಿಕಗಳನ್ನು ಹೊರಬಿಟ್ಟು ರಿಪೇರಿ ಮಾಡುವ ಜೀವಕೋಶಗಳನ್ನು ಕೂಗಿ ಕರೆಯುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗಕ್ಕೆ, ಕೀಲಿನ ಒಳಗಿನ ಮೆತ್ತೆಗೆ ರಕ್ತದ ಓಡಾಟ ಕಡಿಮೆ. ಅದಕ್ಕೇ ಅಲ್ಲಿ ಗಾಯ ಬೇಗ ಮಾಯುವುದಿಲ್ಲ. ರಿಪೇರಿಯವರು ತಾವಾಗಿ ಬಾರದ ಜಾಗಕ್ಕೆ ನಾವೇ ಕರೆದುಕೊಂಡು ಹೋಗಿ ಬಿಡೋಣ ಎಂಬುದು ಈ ಸೂಜಿಯ ಹಿಂದಿನ ಯೋಚನೆ. ಯೋಚನೆಯೇನೋ ಚೆನ್ನಾಗಿದೆ. ಪ್ರಶ್ನೆ ಇರುವುದು ಫಲದಲ್ಲಿ.

ಆಟಗಾರರು ಮಾಡಿದ ಪ್ರಚಾರ

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1970ರ ದಶಕದಲ್ಲೇ ರಕ್ತತಜ್ಞರು ಈ ಹೆಸರು ಬಳಸುತ್ತಿದ್ದರು. 1987ರಲ್ಲಿ ಇಟಲಿಯ ಡಾಕ್ಟರರು ಹೃದಯದ ಆಪರೇಷನ್ನಿನಲ್ಲಿ ಬಳಸಿದರು. 1990ರ ದಶಕದಲ್ಲಿ ದವಡೆ, ಹಲ್ಲಿನ ಡಾಕ್ಟರರು ಹಿಡಿದುಕೊಂಡರು.

ಊರೂರಿಗೆ ಹೆಸರು ಹಬ್ಬಿದ್ದು 2009ರಲ್ಲಿ. ಅಮೆರಿಕದ ಫುಟ್‌ಬಾಲ್ ಆಟಗಾರ ಹೈನ್ಸ್ ವಾರ್ಡ್ ಮಂಡಿಗೆ ಪೆಟ್ಟು ಮಾಡಿಕೊಂಡು, ಈ ಸೂಜಿ ಹಾಕಿಸಿಕೊಂಡು, ಅಲ್ಲಿನ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಆಡಿಯೇಬಿಟ್ಟ. ಅವನ ತಂಡ ಗೆದ್ದೂಬಿಟ್ಟಿತು. ಇನ್ನೇನು ಬೇಕು ಸ್ವಾಮಿ? 2010ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯವರು ಸ್ನಾಯುವಿಗೆ ಈ ಸೂಜಿ ಚುಚ್ಚುವುದನ್ನು ನಿಷೇಧಿಸಿದರು. ಶಕ್ತಿ ಹೆಚ್ಚಿಸುತ್ತದೆ ಎನ್ನಲು ಪುರಾವೆ ಸಾಲದು ಎಂದು 2011ರಲ್ಲಿ ನಿಷೇಧ ತೆಗೆದರು.

ಈಗ ಬೋರ್ಡುಗಳನ್ನು ನೋಡಿ. ಮಂಡಿಗೆ ಪಿ.ಆರ್.ಪಿ., ಭುಜಕ್ಕೆ ಪಿ.ಆರ್.ಪಿ., ಬೋಳುತಲೆಗೆ ಪಿ.ಆರ್.ಪಿ., ಮುಖದ ಹೊಳಪಿಗೂ ಪಿ.ಆರ್.ಪಿ. ಕಕ್ಕಡ ಹದಿನೆಂಟರ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆ ಔಷಧಿ ಸೇರಿರುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಈ ಬೋರ್ಡಿನವರು ಹದಿನೆಂಟನ್ನೂ ದಾಟಿದ್ದಾರೆ! ಮದ್ದು ಸೊಪ್ಪಿನ ಪಾಯಸಕ್ಕೆ ಖರ್ಚಿಲ್ಲ, ಇದಕ್ಕೆ ಮೆಣಸು ಮಾರಬೇಕು. ವ್ಯತ್ಯಾಸ ಅಷ್ಟೇ.

ಉಪ್ಪುನೀರಿನ ಪರೀಕ್ಷೆ

ಮದ್ದು ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಡಾಕ್ಟರರು ಒಂದು ಉಪಾಯ ಮಾಡುತ್ತಾರೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡುತ್ತಾರೆ. ಒಂದು ಪಾಲಿಗೆ ಮದ್ದಿನ ಸೂಜಿ, ಇನ್ನೊಂದು ಪಾಲಿಗೆ ಬರೀ ಉಪ್ಪುನೀರಿನ ಸೂಜಿ. ಯಾರಿಗೆ ಯಾವುದು ಎಂದು ರೋಗಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಾರೆ.

ಉಪ್ಪುನೀರಿಗೂ ನೋವು ಕಡಿಮೆಯಾಗುತ್ತದಾ ಎಂದು ಕೇಳಬೇಡಿ. ಆಗುತ್ತದೆ. ನಂಬಿಕೆಯ ಬಲ ಒಂದು. ಇನ್ನೊಂದು, ನೋವು ತೀರಾ ಜಾಸ್ತಿಯಾದ ದಿನವೇ ನಾವು ಡಾಕ್ಟರ ಬಾಗಿಲು ತಟ್ಟುವುದು. ಅಲ್ಲಿಂದ ಅದು ಹೇಗೂ ಸ್ವಲ್ಪ ಇಳಿಯಲೇಬೇಕು. ಜೋರು ಮಳೆ ಬಂದಾಗ ಕೊಡೆ ಬಿಚ್ಚಿ, ಅರ್ಧ ಗಂಟೆ ಬಿಟ್ಟು ಮಳೆ ನಿಂತದ್ದು ನನ್ನ ಕೊಡೆಯಿಂದ ಎಂದ ಹಾಗೆ. ಹಾಗಾಗಿ “ನಮ್ಮ ಬಾವನಿಗೆ ವಾಸಿಯಾಯ್ತು” ಎಂಬ ಒಂದು ಮಾತಿನಿಂದ ತೀರ್ಮಾನ ಆಗುವುದಿಲ್ಲ. ಉಪ್ಪುನೀರಿಗಿಂತ ಎಷ್ಟು ಮೇಲು ಎಂದು ನೋಡಬೇಕು.

ಈಗ ನಮ್ಮ ಮೂರು ಜನರಿಗೆ ಬರೋಣ.

ಒಂದು: ಅಂಗಡಿಯವರ ಮೊಣಕೈ

ಇದಕ್ಕೆ ಟೆನಿಸ್ ಎಲ್ಬೋ ಎಂದು ಹೆಸರು. ಟೆನಿಸ್ ಬ್ಯಾಟು ಮುಟ್ಟದವರಿಗೇ ಹೆಚ್ಚು ಬರುವುದು. ಚೀಲ ಎತ್ತುವವರು, ಬಟ್ಟೆ ಹಿಂಡುವವರು, ತೋಟದಲ್ಲಿ ಕತ್ತಿ ಬೀಸಿ ಮರಗಸಿ ಮಾಡುವವರು.

2010ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ ನೂರು ಜನರ ಮೇಲೆ ಒಂದು ಪ್ರಯೋಗ ನಡೆಯಿತು. 49 ಜನರಿಗೆ ಸ್ಟೀರಾಯ್ಡ್, 51 ಜನರಿಗೆ ಪಿ.ಆರ್.ಪಿ. ಮೊದಲ ಕೆಲವು ವಾರ ಸ್ಟೀರಾಯ್ಡಿನವರೇ ಮುಂದೆ. ವರ್ಷ ಕಳೆಯುವಾಗ ಲೆಕ್ಕ ತಿರುಗಿತು. ಪಿ.ಆರ್.ಪಿ.ಯವರಲ್ಲಿ 37 ಜನರ ನೋವು ಚೆನ್ನಾಗಿ ಇಳಿದಿತ್ತು, ಸ್ಟೀರಾಯ್ಡಿನವರಲ್ಲಿ 24 ಜನರದು ಮಾತ್ರ. ನಮ್ಮ ಅಂಗಡಿಯವರ ಎರಡು ತಿಂಗಳ ಸ್ವರ್ಗದ ಗುಟ್ಟು ಇಲ್ಲಿದೆ.

ಹಾಗಾದರೆ ಪಿ.ಆರ್.ಪಿ. ಗೆದ್ದಿತಲ್ಲ? ತಾಳಿ. ಮೊಣಕೈ ನೋವಿಗೆ ಸ್ಟೀರಾಯ್ಡೇ ಕಾಲ ಕಳೆದಂತೆ ಹಾನಿ ಮಾಡುತ್ತದೆ ಎಂದು ಬೇರೆ ಪ್ರಯೋಗಗಳು ತೋರಿಸಿವೆ. ಕುಂಟನ ಜೊತೆ ಓಡಿ ಗೆದ್ದರೆ ಅದೇನು ದೊಡ್ಡ ಗೆಲುವು? 2021ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯ ಪಂಡಿತರು 32 ಪ್ರಯೋಗಗಳನ್ನು, ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಟ್ಟಿಗೆ ಕೂಡಿಸಿ ನೋಡಿದರು. ಉಪ್ಪುನೀರಿನ ಎದುರು ನಿಲ್ಲಿಸಿದರೆ ರಕ್ತದ ಸೂಜಿಯಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಎಂದರು.

ಇನ್ನೊಂದು ಸಮಾಧಾನದ ಸುದ್ದಿ. ಈ ಮೊಣಕೈ ನೋವು ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಹೇಳುವುದು ಸುಲಭ, ಷಟರ್ ಎಳೆಯುವವನಿಗೆ ಒಂದೆರಡು ವರ್ಷ ಎಂದರೆ ಎಷ್ಟು ಉದ್ದ ಎಂಬುದೂ ಗೊತ್ತಿರುವ ವಿಷಯವೇ.

ಎರಡು: ಹಾಕಿ ಹುಡುಗನ ತೊಡೆ

ಕೊಡಗಿನಲ್ಲಿ ಹಾಕಿ ಎಂದರೆ ಕೇಳಬೇಕೆ! 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ, 2025ರಲ್ಲಿ ಮಡಿಕೇರಿಯಲ್ಲಿ 396 ತಂಡ. ಅಜ್ಜನೂ ಮೊಮ್ಮಗನೂ ಒಂದೇ ಜರ್ಸಿಯಲ್ಲಿ ಓಡುವ ಆಟ. ಸಂತೋಷ. ಆದರೆ ವರ್ಷವಿಡೀ ಬೆಂಗಳೂರಿನಲ್ಲಿ ಕುರ್ಚಿ ಬಿಸಿ ಮಾಡಿ, ಏಪ್ರಿಲ್ ತಿಂಗಳಲ್ಲಿ ಒಮ್ಮೆಲೇ ಓಡಿದರೆ ತೊಡೆಯ ಹಿಂದಿನ ಸ್ನಾಯು ಕೇಳುತ್ತದಾ?

ಮೂರ್ನಾಡಿನ ಕಡೆಯ ಇಪ್ಪತ್ತೆರಡರ ಹುಡುಗನೊಬ್ಬನಿಗೆ ಆದದ್ದು ಇದೇ. ಅಭ್ಯಾಸದಲ್ಲಿ ಓಡುವಾಗ ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಯ್ತಂತೆ. ಸ್ನಾಯು ಅರ್ಧ ಹರಿದಿತ್ತು. ದೂರದ ಊರಿನಲ್ಲಿ ಪಿ.ಆರ್.ಪಿ. ಹಾಕಿಸಿಕೊಂಡ. ನೋವು ಇಳಿಯಿತು. ಎರಡೇ ವಾರಕ್ಕೆ ಮೈದಾನಕ್ಕೆ ಇಳಿದ. ಹತ್ತನೇ ನಿಮಿಷಕ್ಕೆ ಮತ್ತೆ ಹರಿದುಕೊಂಡ. ಆ ವರ್ಷದ ಹಬ್ಬವನ್ನು ಬೇಲಿಯ ಆಚೆ ಕೂತು ನೋಡಿದ. “ಸೂಜಿ ಹಾಕಿದ ಮೇಲೆ ವಾಸಿಯಾಯ್ತು ಅಂದ್ಕೊಂಡೆ ಅಣ್ಣ” ಎಂದು ಈಗ ಹೇಳುತ್ತಾನೆ.

ಡಚ್ ಡಾಕ್ಟರರು ಇಂಥದ್ದೇ ಪೆಟ್ಟು ತಿಂದ 80 ಆಟಗಾರರ ಮೇಲೆ ಪ್ರಯೋಗ ಮಾಡಿ 2014ರಲ್ಲಿ ವರದಿ ಕೊಟ್ಟರು. ಪಿ.ಆರ್.ಪಿ. ಹಾಕಿಸಿಕೊಂಡವರು ಆಟಕ್ಕೆ ಮರಳಲು ಹಿಡಿದ ಕಾಲ, ಸರಾಸರಿ ನಡುವಿನ ಲೆಕ್ಕದಲ್ಲಿ 42 ದಿನ. ಉಪ್ಪುನೀರಿನವರು? ಅವರಿಗೂ 42 ದಿನ! ಒಂದು ದಿನವೂ ಹೆಚ್ಚು ಕಡಿಮೆ ಇಲ್ಲ. ಹಿಮ್ಮಡಿಯ ಮೇಲಿನ ದಪ್ಪ ಹಗ್ಗದ ನೋವಿಗೂ 2010ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ 54 ಜನರ ಮೇಲೆ, 2021ರಲ್ಲಿ ಬ್ರಿಟನ್ನಿನಲ್ಲಿ 240 ಜನರ ಮೇಲೆ ನೋಡಿದರು. ಅಲ್ಲಿಯೂ ವ್ಯತ್ಯಾಸ ಸಿಗಲಿಲ್ಲ.

ಪಾಠ ಏನು? ಹರಿದ ಸ್ನಾಯು ತನ್ನ ಕಾಲ ತೆಗೆದುಕೊಂಡೇ ಕೂಡುತ್ತದೆ. ನೋವು ಇಳಿದ ಮಾತ್ರಕ್ಕೆ ಸ್ನಾಯು ಗಟ್ಟಿಯಾಯಿತು ಎಂದಲ್ಲ.

ಮೂರು: ಲೈನ್ ಮನೆಯ ಅಕ್ಕನ ಮಂಡಿ

ಮೂರನೆಯವರು ತೋಟದ ಲೈನ್ ಮನೆಯಲ್ಲಿರುವ ಅಕ್ಕ. ಅರವತ್ತಕ್ಕೆ ಇನ್ನೆರಡು ವರ್ಷ. ಮೂವತ್ತೈದು ವರ್ಷ ಇಳಿಜಾರಿನಲ್ಲಿ ಕಾಫಿ ಕೊಯ್ದ ಮಂಡಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಡಕ್ಟರ್ “ಬೇಗ ಬೇಗ” ಅಂದರೆ ಅವರಿಗೆ ಕಣ್ಣೀರು ಬರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಮೊಬೈಲಿನಲ್ಲಿ ನೋಡಿ, “ಅಮ್ಮಾ, ಸಾಲ ಮಾಡಿಯಾದ್ರೂ ಈ ಸೂಜಿ ಹಾಕಿಸುವ” ಎಂದಿದ್ದಾನೆ.

ಮಂಡಿ ಸವೆತದ ವಿಷಯದಲ್ಲಿ ಡಾಕ್ಟರರಲ್ಲೇ ಎರಡು ಪಕ್ಷ. ನಮ್ಮ ದೇಶದ್ದೇ ಒಂದು ಪ್ರಯೋಗ ಚಂಡೀಗಢದ ಪಿ.ಜಿ.ಐ. ಆಸ್ಪತ್ರೆಯಲ್ಲಿ ನಡೆದು 2013ರಲ್ಲಿ ಪ್ರಕಟವಾಯಿತು. 78 ರೋಗಿಗಳು, 156 ಮಂಡಿ, ಎಲ್ಲವೂ ಸವೆತದ ಆರಂಭದ ಹಂತದವು. ಉಪ್ಪುನೀರಿಗಿಂತ ಪಿ.ಆರ್.ಪಿ. ಹಾಕಿಸಿಕೊಂಡವರ ನೋವು ಚೆನ್ನಾಗಿ ಇಳಿಯಿತು. ಒಂದು ಸೂಜಿಗೂ ಎರಡು ಸೂಜಿಗೂ ಹೆಚ್ಚು ಕಡಿಮೆ ಕಾಣಲಿಲ್ಲ. ಆದರೆ ಆರು ತಿಂಗಳ ಹೊತ್ತಿಗೆ ಫಲ ಇಳಿಮುಖವಾಗತೊಡಗಿತ್ತು.

2021ರಲ್ಲಿ ಆಸ್ಟ್ರೇಲಿಯಾದಿಂದ ಇದಕ್ಕೆ ವಿರುದ್ಧದ ವರದಿ ಬಂತು. 288 ಜನ, ವಾರಕ್ಕೊಂದರಂತೆ ಮೂರು ಸೂಜಿ, ಒಂದು ವರ್ಷದ ನಿಗಾ. ಹತ್ತು ಅಂಕದ ನೋವಿನ ಅಳತೆಯಲ್ಲಿ ಪಿ.ಆರ್.ಪಿ.ಯವರಿಗೆ 2.1 ಇಳಿಯಿತು, ಉಪ್ಪುನೀರಿನವರಿಗೆ 1.8. ಅಂಥ ಅಂತರಕ್ಕೆ ಬೆಲೆ ಇಲ್ಲ ಎಂದರು ಪ್ರಯೋಗ ಮಾಡಿದವರು. ಸವೆದ ಮೆತ್ತೆ ಮತ್ತೆ ಬೆಳೆಯಲೂ ಇಲ್ಲ.

ಯಾಕೆ ಹೀಗೆ? ಒಂದು ಕಾರಣ ನಮ್ಮ ಕೊಡಗಿನವರಿಗೆ ಬೇಗ ಅರ್ಥವಾದೀತು. ಕಾಫಿ ಎಂದು ಹೆಸರು ಒಂದೇ, ಒಂದು ಹೋಟೆಲಿನ ಡಿಕಾಕ್ಷನ್ ಗಟ್ಟಿ, ಇನ್ನೊಂದರದ್ದು ತೊಳೆದ ನೀರು. ಪಿ.ಆರ್.ಪಿ.ಯೂ ಹಾಗೆ. ಕೆಲವರು ಒಂದು ಸಲ ತಿರುಗಿಸುತ್ತಾರೆ, ಕೆಲವರು ಎರಡು ಸಲ. ಕೆಲವರು ಬಿಳಿ ಕಣ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಆಸ್ಟ್ರೇಲಿಯಾದವರ ಡಿಕಾಕ್ಷನ್ ತೆಳುವಾಗಿತ್ತು ಎಂದು ಪಿ.ಆರ್.ಪಿ. ಪರವಾದ ಡಾಕ್ಟರರ ತಕರಾರು. ತಕರಾರು ಇನ್ನೂ ಮುಗಿದಿಲ್ಲ. ಮುಗಿಯದ ತಕರಾರಿಗೆ ಲೈನ್ ಮನೆಯ ಅಕ್ಕ ಸಾಲ ಮಾಡಬೇಕೇ ಎಂಬುದು ನನ್ನ ಪ್ರಶ್ನೆ.

ಪೂರ್ತಿ ಸವೆದು ಎಲುಬಿಗೆ ಎಲುಬು ತಾಗುವ ಮಂಡಿಗಂತೂ ಇದರಿಂದ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಎಕ್ಸ್‌ರೇ ತೆಗೆಸಿ ಎಷ್ಟು ಸವೆದಿದೆ ಎಂದು ತಿಳಿಯದೆ ಸೂಜಿಯ ಮಾತೇ ಎತ್ತಬಾರದು. ಅದಕ್ಕೆ ಮೈಸೂರಿಗೆ ಓಡಬೇಕಾಗಿಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೇ ಮೂಳೆ ಡಾಕ್ಟರರಿದ್ದಾರೆ.

ಬೋಪಣ್ಣನ ಮಂಡಿ ಹೇಳುವ ಮಾತು

ಮಂಡಿಯ ಮಾತು ಬಂದಾಗ ನಮ್ಮ ರೋಹನ್ ಬೋಪಣ್ಣನನ್ನು ಬಿಡುವುದು ಹೇಗೆ? ಮಂಡಿಯ ಮೆತ್ತೆ ಸವೆದುಹೋಗಿ, ದಿನವೂ ನೋವಿನ ಮಾತ್ರೆ ನುಂಗಿ ಆಡುತ್ತಿದ್ದೆ ಎಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. 2020ರ ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದರು. ಕಾಲಿನ ಬಲ ಬಂತು, ಮಾತ್ರೆ ಬಿಟ್ಟಿತು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿಗೇ ಒಂದನೇ ನಂಬರಾದರು.

ಒಬ್ಬ ಬೋಪಣ್ಣನಿಂದ ಎಲ್ಲರಿಗೂ ಯೋಗವೇ ಮದ್ದು ಎಂದು ಹೇಳಲಾಗದು. ಬಾವನ ಕಥೆಗೆ ಹೇಳಿದ್ದು ಇದಕ್ಕೂ ಸಲ್ಲುತ್ತದೆ. ಆದರೆ ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವುದು, ತೂಕ ಇಳಿಸುವುದು, ಇವೆರಡೇ ಮೊದಲ ಚಿಕಿತ್ಸೆ ಎಂಬ ಬಗ್ಗೆ ಡಾಕ್ಟರರಲ್ಲಿ ಎರಡು ಪಕ್ಷ ಇಲ್ಲ. ಸೂಜಿ ಹಾಕಿಸಿದರೂ ವ್ಯಾಯಾಮ ತಪ್ಪುವುದಿಲ್ಲ.

ದುಡ್ಡು ಕೊಡುವ ಮುಂಚೆ ಕೇಳಿ

ಪಿ.ಆರ್.ಪಿ. ಮೋಸ ಎಂದು ನಾನು ಬರೆಯುತ್ತಿಲ್ಲ. ರಕ್ತ ನಮ್ಮದೇ ಆದ್ದರಿಂದ ಅಲರ್ಜಿಯ ಭಯ ಕಡಿಮೆ. ಬೇರೆಲ್ಲ ಮಾಡಿ ಸೋತವರು, ಕೈಯಲ್ಲಿ ದುಡ್ಡಿದ್ದವರು, ತಿಳಿದು ಮಾಡಿಸಿಕೊಂಡರೆ ಬೇಡ ಎನ್ನಲು ನಾವು ಯಾರು? ಆದರೆ ಅಕ್ಕಿ ಕೊಳ್ಳುವಾಗ ಹಿಡಿ ತೆಗೆದು ನೋಡುವ ನಾವು, ಇಲ್ಲಿ ಯಾಕೆ ಬಾಯಿ ಮುಚ್ಚಿ ಕೂರಬೇಕು? ಕೇಳಿ:

1. ನನ್ನ ನೋವಿಗೆ ಕಾರಣ ಏನು? ಯಾವ ಭಾಗ ಕೆಟ್ಟಿದೆ, ಎಷ್ಟು ಕೆಟ್ಟಿದೆ?

2. ಇದೇ ಕಾಯಿಲೆಗೆ ಇದರಿಂದ ಫಲ ಸಿಕ್ಕಿದ್ದಕ್ಕೆ ಪುರಾವೆ ಏನು? ಎಷ್ಟು ಕಾಲ ನಿಲ್ಲುತ್ತದೆ?

3. ಎಷ್ಟು ಸೂಜಿ? ಎಲ್ಲ ಸೇರಿ ಎಷ್ಟು ರೂಪಾಯಿ? ಮೊದಲನೆಯದಕ್ಕೆ ಫಲ ಕಾಣದಿದ್ದರೆ ಉಳಿದದ್ದು ಬೇಕೇ?

4. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡಿಕೊಂಡು ಚುಚ್ಚುತ್ತೀರಾ, ಅಂದಾಜಿನಲ್ಲಾ?

5. ಶುಚಿತ್ವ ಹೇಗೆ? ಸೂಜಿಯ ಜೊತೆ ರೋಗಾಣು ಕೀಲಿನ ಒಳಗೆ ಹೋದರೆ ಅನಾಹುತ.

ನೀವೂ ಮುಚ್ಚಿಡದೆ ಹೇಳಿ: ರಕ್ತ ತೆಳುಮಾಡುವ ಮಾತ್ರೆ ತಗೊಳ್ತಿದ್ದರೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ಮೈಯಲ್ಲಿ ಸೋಂಕು ಇದ್ದರೆ, ಕ್ಯಾನ್ಸರ್ ಇದ್ದರೆ. ಸೂಜಿ ಹಾಕಿದ ಮೊದಲ ಕೆಲವು ದಿನ ನೋವು ಜಾಸ್ತಿಯಾಗುವುದೂ ಉಂಟು. ಕೆಲವು ನೋವಿನ ಮಾತ್ರೆ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರುತ್ತದೆ, ಯಾವುದು ನಿಲ್ಲಿಸಬೇಕು ಎಂದು ಡಾಕ್ಟರರನ್ನೇ ಕೇಳಿ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಮೆಣಸು ಅಟ್ಟದ ಮೇಲೇ ಇದೆ

ಇಷ್ಟನ್ನೂ ಅಂಗಡಿಯವರ ಮುಂದೆ ಹೇಳಿದೆ. ಗಿರಾಕಿಗಳ ನಡುವೆ ಸುಮ್ಮನೆ ಕೇಳಿಸಿಕೊಂಡರು. ಏನೂ ಹೇಳಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ವಿಚಿತ್ರ ಕಂಡಿತು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಮೂಲೆ ಸೇರಿದ್ದ ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲು ಮೇಜಿನ ಮೇಲೆ ಬಂದು ಕೂತಿದೆ. ಮಡಿಕೇರಿಗೆ ಹೋಗಿ ವ್ಯಾಯಾಮ ಕೇಳಿಕೊಂಡು ಬಂದರಂತೆ. ಮೊಣಕೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ ಕಲ್ಲು ಹಿಡಿದು, ಎಡಗೈಯಿಂದ ಮೇಲೆತ್ತಿ, ಬಲಗೈಯಿಂದ ನಿಧಾನಕ್ಕೆ ಇಳಿಸುವುದು. ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು. ಷಟರ್ ಎತ್ತಲು ಪಕ್ಕದ ಅಂಗಡಿಯ ಹುಡುಗ ಬರುತ್ತಾನೆ.

“ನೋವು ಹೋಯ್ತಾ?” ಎಂದೆ.

“ಎಲ್ಲಿ ಹೋಯ್ತು ಮಾರಾಯ್ರೆ! ಇದೆ. ಮೂರು ತಿಂಗಳು ನೋಡುವ ಅಂತ. ಆಮೇಲೂ ಇದ್ರೆ ಡಾಕ್ಟರಿಗೆ ನಿಮ್ಮ ಐದು ಪ್ರಶ್ನೆ ಕೇಳ್ತೇನೆ.” ಕಾಫಿ ಲೋಟವನ್ನು ಎಡಗೈಯಲ್ಲೇ ಎತ್ತಿಕೊಂಡರು. “ಮೆಣಸು ಮಾತ್ರ ಅಟ್ಟದ ಮೇಲೇ ಇದೆ. ಜೂನಿನಲ್ಲಿ ಮಗಳ ಫೀಸು ಕಟ್ಬೇಕಲ್ಲ.”

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಲೈನ್ ಮನೆಯ ಅಕ್ಕ ಮಂಡಿಗೆ ಕೈ ಊರಿ ಮೆಟ್ಟಿಲು ಹತ್ತುತ್ತಿದ್ದರು. ಮಡಿಕೇರಿಗೆ, ಎಕ್ಸ್‌ರೇ ತೆಗೆಸಲು. ಈ ಸಲ ಕಂಡಕ್ಟರ್ ಬೇಗ ಬೇಗ ಅನ್ನಲಿಲ್ಲ. ರಟ್ಟೆ ಹಿಡಿದು ಹತ್ತಿಸಿದ.